ಯೋನ ಹೇಳಿದ ಐದು ಪದ

14 ನವೆಂಬರ್ 2024, ಗುರುವಾರ, ರಾತ್ರಿ

ಇವತ್ತು ಹೆಚ್ಚುಕಮ್ಮಿ ನಾಲ್ಕು ಗಂಟೆ ಒಂದೇ ವಚನದ ಮುಂದೆ ಕೂತಿದ್ದೆ. ಬೈಬಲಿನ ಯೋನ ಪುಸ್ತಕದ 3ನೇ ಅಧ್ಯಾಯ, 4ನೇ ವಚನ. ಅದರಲ್ಲೂ ಎರಡನೇ ಅರ್ಧ ಮಾತ್ರ, ಪ್ರವಾದಿ ಯೋನ ನಿನೆವೆ ಎಂಬ ಊರಿನ ಬೀದಿಯಲ್ಲಿ ಕೂಗಿ ಹೇಳುವ ಮಾತು. ಹೀಬ್ರೂನಲ್ಲಿ ಅದು ಐದೇ ಪದ: ಓದ್ ಅರ್ಬಾಯೀಮ್ ಯೋಮ್ ವೆನಿನೆವೇ ನೆಹ್ಪಾಖೆತ್. ಇನ್ನು 40 ದಿನ, ನಿನೆವೆ... ಆಮೇಲೆ ಆ ಕೊನೆಯ ಪದ. ನಾಳೆ ಬೆಳಿಗ್ಗೆ ಅನುವಾದ ಒಪ್ಪಿಸಬೇಕು. ತಲೆಯಲ್ಲಿ ಇರುವುದನ್ನು ಇಲ್ಲಿ ಬರೆದು ಹಾಕಿದರೆ ದಾರಿ ಕಾಣಬಹುದು ಅನಿಸಿತು.

ದೇವಶಾಸ್ತ್ರ ಓದಲು ಸೇರಿ ಇದು ಎರಡನೇ ವರ್ಷ. ಸೇರುವಾಗ ನನ್ನ ಲೆಕ್ಕವೇ ಬೇರೆ ಇತ್ತು. ಬೈಬಲಿನ ಮೂಲ ಭಾಷೆಗಳಾದ ಗ್ರೀಕ್, ಹೀಬ್ರೂ ಅಂದರೆ ಮೆಟ್ಟಿಲು, ಹತ್ತಿ ದಾಟಿದರೆ ಆಯಿತು, ನಿಜವಾದ ಓದು ಮೇಲಿದೆ, ಕೃಪೆ, ರಕ್ಷಣೆ, ತ್ರಯೇಕತ್ವ ಅಂತೆಲ್ಲ. ಹೋದ ವರ್ಷ ಗ್ರೀಕ್ ಮುಗಿಯುವಾಗಲೂ ಹಾಗೇ ಅಂದುಕೊಂಡಿದ್ದೆ. ಗ್ರೀಕ್‌ನಲ್ಲಿ ನಮಗೆ ಒಂದು ಅನುಕೂಲ ಇದೆ. ವಿಭಕ್ತಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ, ಹುಟ್ಟಿದಾಗಿನಿಂದ ಅದನ್ನೇ ಆಡುತ್ತಿದ್ದೇವೆ. ಪದದ ಜಾಗ ಬದಲಾದರೂ ಅರ್ಥ ಬದಲಾಗಲ್ಲ ಅನ್ನುವುದು ನಮಗೆ ಹೊಸದೇ ಅಲ್ಲ. ಕಷ್ಟ ಆಗಿದ್ದು ನಾಮಪದಕ್ಕೆ ಮೊದಲು ಬರುವ, ಇಂಗ್ಲಿಷಿನ the ಥರದ ಆ ಪುಟ್ಟ ಆರ್ಟಿಕಲ್. ಕನ್ನಡದಲ್ಲಿ ಅದಕ್ಕೆ ಸಮನಾದದ್ದೇ ಇಲ್ಲ, ಗ್ರೀಕ್‌ನಲ್ಲಿ ಲಿಂಗ, ವಚನ, ವಿಭಕ್ತಿ ಸೇರಿ ಅದಕ್ಕೆ 24 ರೂಪ.

ಹೀಬ್ರೂ ಹಾಗಲ್ಲ. ಬಲದಿಂದ ಎಡಕ್ಕೆ ಓದುವುದು ಒಂದು ವಾರದಲ್ಲಿ ರೂಢಿಯಾಗುತ್ತದೆ. 22 ಅಕ್ಷರ, ಎಲ್ಲ ವ್ಯಂಜನ. ಸ್ವರಗಳು ಮೇಲೆ ಕೆಳಗೆ ಚುಕ್ಕಿ, ಗೆರೆಗಳಾಗಿ ಬರುತ್ತವೆ. ಆ ಚುಕ್ಕಿಗಳು ಮೊದಲಿನಿಂದ ಇದ್ದವಲ್ಲ. ಓದುವ ರೀತಿ ಬಾಯಿಂದ ಬಾಯಿಗೆ ಬಂದಿತ್ತು. ಅದು ಮರೆತುಹೋಗಬಾರದು ಅಂತ ಮಸೊರೇಟರು ಎಂಬ ಯೆಹೂದಿ ಪಂಡಿತರು, ಸುಮಾರು ಕ್ರಿ.ಶ. 6ರಿಂದ 10ನೇ ಶತಮಾನದ ನಡುವೆ, ಒಂದು ವ್ಯಂಜನವನ್ನೂ ಮುಟ್ಟದೆ ಸುತ್ತಮುತ್ತ ಚುಕ್ಕಿ ಇಟ್ಟರು. ನಾವು ಕ್ಲಾಸಿನಲ್ಲಿ ಓದುವ ಮುದ್ರಿತ ಪ್ರತಿಗೆ ಆಧಾರ 1008ರಲ್ಲಿ ಬರೆದ ಒಂದು ಹಸ್ತಪ್ರತಿ, ಲೆನಿನ್‌ಗ್ರಾಡ್ ಕೋಡೆಕ್ಸ್. ಸಾವಿರ ವರ್ಷದ ಹಿಂದೆ ಯಾರೋ ದೀಪದ ಬೆಳಕಿನಲ್ಲಿ ಕೂತು ಇಟ್ಟ ಚುಕ್ಕಿ ಇಲ್ಲದಿದ್ದರೆ ನನಗೆ ಒಂದು ಸಾಲೂ ಓದಲು ಬರುತ್ತಿರಲಿಲ್ಲ ಅಂತ ಎಷ್ಟೋ ಸಲ ಅನಿಸಿದೆ.

ಹೋದ ತಿಂಗಳ ಕಿರುಪರೀಕ್ಷೆಯಲ್ಲಿ ನಾನು ದಾಲೆತ್ (ದ) ಮತ್ತು ರೇಶ್ (ರ) ಅಕ್ಷರ ಅದಲುಬದಲು ಮಾಡಿದ್ದೆ. ಎರಡೂ ನೋಡಲು ಒಂದೇ ಥರ, ದಾಲೆತ್‌ಗೆ ಮೇಲಿನ ಮೂಲೆ ಚೂರು ಹೊರಗೆ ಚಾಚಿರುತ್ತದೆ, ರೇಶ್‌ಗೆ ದುಂಡಗೆ ಇರುತ್ತದೆ. ಆರು ಅಂಕ ಹೋಯಿತು. ಬೇಜಾರಾಗಿ ಹೀಬ್ರೂ ಮೇಡಂ ಹತ್ತಿರ ಹೋದೆ. ಅವರು ಏನೂ ಹೇಳದೆ ಎರಡು ಕಡೆ ತೆರೆದು ತೋರಿಸಿದರು. ಆದಿಕಾಂಡ 10:4ರಲ್ಲಿ ದೋದಾನೀಮ್. ಅದೇ ವಂಶಾವಳಿ ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕ 1:7ರಲ್ಲಿ ರೋದಾನೀಮ್. "ನೋಡಮ್ಮ, ನೀನು ಎಡವಿದ ಕಡೆಯೇ ಹಿಂದಿನ ಲಿಪಿಕಾರರೂ ಎಡವಿದ್ದಾರೆ" ಅಂದರು. ಆವತ್ತು ರೂಮಿಗೆ ಬಂದು ಆ ಎರಡು ವಚನಗಳನ್ನು ತುಂಬಾ ಹೊತ್ತು ನೋಡಿದೆ. ಕೈಯಲ್ಲಿ ಬರೆದು ಬರೆದು, ಕಣ್ಣು ಸೋತು, ಇಷ್ಟು ತಲೆಮಾರು ಇದನ್ನು ದಾಟಿಸಿದವರು ಮನುಷ್ಯರೇ ಅಂತ ಆವತ್ತು ನನಗೆ ನಿಜವಾಗಿ ಗೊತ್ತಾಯಿತು.

ಈ ಸೆಮಿಸ್ಟರ್‌ನಲ್ಲಿ ಯೋನ ಓದುತ್ತಿದ್ದೇವೆ. ನಾಲ್ಕೇ ಅಧ್ಯಾಯ, 48 ವಚನ. ಚಿಕ್ಕಂದಿನಿಂದ ಗೊತ್ತಿರುವ ಕಥೆ, ಮೀನು ನುಂಗಿದ್ದು ಯಾರಿಗೆ ಗೊತ್ತಿಲ್ಲ? ಆದರೆ ಪದ ಪದ ಬಿಡಿಸಿ ಓದುವಾಗ ಕಥೆಯ ಮೈಯೇ ಬೇರೆ. ನಿನೆವೆಗೆ ಹೋಗಿ ಸಾರು ಅಂತ ದೇವರು ಹೇಳಿದಾಗ ಯೋನ ದೇವರಿಂದ ತಪ್ಪಿಸಿಕೊಂಡು ಹೊರಟು ಯೊಪ್ಪ ಎಂಬ ಬಂದರಿಗೆ ಇಳಿಯುತ್ತಾನೆ. ಹಡಗಿಗೆ ಇಳಿಯುತ್ತಾನೆ. ಹಡಗಿನ ತಳಕ್ಕೆ ಇಳಿಯುತ್ತಾನೆ. ಆಮೇಲೆ ಪ್ರಾರ್ಥನೆಯಲ್ಲಿ ಬೆಟ್ಟಗಳ ಬುಡದ ತನಕ ಇಳಿದೆ ಅನ್ನುತ್ತಾನೆ. ಎಲ್ಲ ಕಡೆ ಒಂದೇ ಕ್ರಿಯಾಪದ, ಯಾರದ್. ಅನುವಾದದಲ್ಲಿ ಒಮ್ಮೆ ಹೋದನು, ಒಮ್ಮೆ ಹತ್ತಿದನು ಅಂತ ಆಗಿಬಿಟ್ಟರೆ ಆ ಇಳಿಜಾರು ಕಾಣುವುದೇ ಇಲ್ಲ. ಇನ್ನೊಂದು, 1:4. ಬಿರುಗಾಳಿ ಬಂದಾಗ ಹಡಗು ಒಡೆಯುವ ಹಾಗಿತ್ತು ಅಂತ ನಾವು ಓದುತ್ತೇವೆ. ಮೂಲದಲ್ಲಿ ಇರುವುದು ಯೋಚಿಸು, ಎಣಿಸು ಅನ್ನುವ ಕ್ರಿಯಾಪದ. ಹಡಗು ತಾನು ಒಡೆದೇಹೋಗುತ್ತೇನೆ ಅಂದುಕೊಂಡಿತು. ಯೋನ ಒಳಗೆ ನಿದ್ದೆ ಮಾಡುತ್ತಿದ್ದಾನೆ, ಹಡಗು ಮಾತ್ರ ಹೆದರಿದೆ. ಕನ್ನಡದ "ಅಂದುಕೊಂಡಿತು" ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಅಲ್ವಾ?

ಸರಿ, ನೆಹ್ಪಾಖೆತ್‌ಗೆ ಬರುತ್ತೇನೆ.

ಹೀಬ್ರೂ ನಿಘಂಟಿನಲ್ಲಿ ಕ್ರಿಯಾಪದ ಹುಡುಕಬೇಕಾದರೆ ಧಾತು ಗೊತ್ತಿರಬೇಕು. ನಕಾರದ ಕೆಳಗೆ ಹುಡುಕಿದರೆ ಇದು ಸಿಗಲ್ಲ. ಮೊದಲಿನ ನ ತೆಗೆಯಬೇಕು, ಅದು ನಿಫಲ್ ಎಂಬ, ಸಾಮಾನ್ಯವಾಗಿ ಕರ್ಮಣಿ ಅರ್ಥ ಕೊಡುವ ಕ್ರಿಯಾರೂಪದ ಗುರುತು. ಕೊನೆಯ ತ್ ತೆಗೆಯಬೇಕು, ಅದು ಸ್ತ್ರೀಲಿಂಗ, ಯಾಕಂದರೆ ಹೀಬ್ರೂನಲ್ಲಿ ಊರು ಹೆಣ್ಣು. ಉಳಿಯುವುದು ಮೂರು ವ್ಯಂಜನ, ಹೇ, ಪೇ, ಕಾಫ್. ಹಾಫಖ್. ತಿರುವಿಹಾಕು, ತಲೆಕೆಳಗು ಮಾಡು. ಸೊದೋಮಿನ ಕಥೆಯಲ್ಲಿ, ಆದಿಕಾಂಡ 19:25ರಲ್ಲಿ, ದೇವರು ಆ ಊರುಗಳನ್ನು ಕೆಡವಿಹಾಕಿದ್ದು ಇದೇ ಧಾತುವಿನಿಂದ. ಹಾಗಾಗಿ ಯೋನನ ಮಾತು ಕೇಳಿದವರಿಗೆ ಸೊದೋಮು ನೆನಪಾಗಿಯೇ ಇರುತ್ತದೆ. ನಾಶ ಆಗುತ್ತದೆ ಅಂತಲೇ ಅರ್ಥ. ನಾನು ಹಾಗೇ ಬರೆದು ಮುಂದೆ ಹೋಗುವವಳಿದ್ದೆ.

ಆದರೆ ನಿಘಂಟಿನ ಅದೇ ಪುಟದಲ್ಲಿ, ಎರಡು ಬೆರಳು ಕೆಳಗೆ, ಸಮುವೇಲನ ಮೊದಲ ಪುಸ್ತಕ 10:6 ಇತ್ತು. ಪ್ರವಾದಿ ಸಮುವೇಲ, ರಾಜನಾಗಲಿರುವ ಸೌಲನಿಗೆ ಹೇಳುತ್ತಾನೆ, ಯೆಹೋವನ ಆತ್ಮ ನಿನ್ನ ಮೇಲೆ ಬರುತ್ತದೆ, ನೀನು ಬೇರೆ ಮನುಷ್ಯನಾಗಿಬಿಡುತ್ತೀಯ ಅಂತ. ಆ "ಆಗಿಬಿಡುತ್ತೀಯ" ಇದೇ ಹಾಫಖ್, ಇದೇ ನಿಫಲ್ ರೂಪ. ಅಂದರೆ ನಿನೆವೆ ಕೆಡವಲ್ಪಡುತ್ತದೆ ಅಂತಲೂ ಓದಬಹುದು, ನಿನೆವೆ ಬದಲಾಗಿಬಿಡುತ್ತದೆ ಅಂತಲೂ ಓದಬಹುದು. ಯೋನ ಒಂದು ಅರ್ಥದಲ್ಲಿ ಕೂಗಿದ, ಆದದ್ದು ಇನ್ನೊಂದು ಅರ್ಥದಲ್ಲಿ. ಪ್ರವಾದನೆ ಸುಳ್ಳಾಗಲಿಲ್ಲ. ಊರು ನಿಜವಾಗಿಯೂ ತಲೆಕೆಳಗಾಯಿತು, ರಾಜ ಸಿಂಹಾಸನದಿಂದ ಎದ್ದು ಪಶ್ಚಾತ್ತಾಪದಿಂದ ಬೂದಿಯಲ್ಲಿ ಕೂತ.

ನನಗೆ ಕೈ ನಡುಗಿತು, ನಿಜವಾಗಿ. ಎಷ್ಟು ಸಲ ಕೇಳಿದ ಕಥೆ ಇದು. ಇದನ್ನು ಕಂಡವಳು ನಾನೇ ಮೊದಲಲ್ಲ ಅಂತ ಮೇಡಂ ಸಂಜೆ ಹೇಳಿದರು. ಯೆಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮೂದ್‌ನಲ್ಲೇ ಇದೆಯಂತೆ, ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಯೋನನಿಗೆ ಗೊತ್ತಿರಲಿಲ್ಲ ಅಂತ. ಯೆಹೂದಿ ಗುರುಗಳು ಅಷ್ಟು ಹಿಂದೆಯೇ ಈ ಪದದ ಮುಂದೆ ಹೀಗೇ ನಿಂತಿದ್ದಾರೆ. ಅವರ ಜತೆ ನಿಲ್ಲುವುದಕ್ಕೆ ಜಾಗ ಸಿಕ್ಕಿತಲ್ಲ ಅಂತ ಖುಷಿಯೇ ಆಯಿತು.

ಹಳೆಯ ಗ್ರೀಕ್ ಅನುವಾದ ಸೆಪ್ಟುವಜಿಂಟ್ ಕೂಡ ತೆಗೆದು ನೋಡಿದೆ. ಅಲ್ಲಿ 40 ದಿನ ಅಲ್ಲ, ಮೂರು ದಿನ! ಕ್ರಿಯಾಪದವೂ ಕೆಡವು ಅನ್ನುವ ಕಡೆಗೇ ಜಾಸ್ತಿ ವಾಲುತ್ತದೆ. ಅನುವಾದಕ ಒಂದು ಬಾಗಿಲು ಮುಚ್ಚಬೇಕಾಗುತ್ತದೆ, ಅದು ಅವನ ತಪ್ಪಲ್ಲ.

ಇವತ್ತು ಮಧ್ಯಾಹ್ನದ ದೇವಶಾಸ್ತ್ರ ಕ್ಲಾಸಿನಲ್ಲಿ ಪಾಠ ಯಾವುದಿತ್ತು ಗೊತ್ತಾ? ದೇವರು ಬದಲಾಗುವವನಲ್ಲ ಅನ್ನುವ ಬೋಧನೆ. ಮಲಾಕಿಯ 3:6ರಿಂದ ಶುರುವಾಯಿತು. ನಾನು ಕೈ ಎತ್ತಿ ಯೋನ 3:10 ಕೇಳಿದೆ, ನಿನೆವೆಯವರು ತಿರುಗಿಕೊಂಡದ್ದನ್ನು ನೋಡಿ ದೇವರು ಮನಸ್ಸು ಬದಲಾಯಿಸಿದ ಅಂತಿದೆಯಲ್ಲ ಸರ್, ಅಂತ. ಅಲ್ಲಿರುವ ಕ್ರಿಯಾಪದ ನಾಖಮ್, ಮರುಗು, ಮನಸ್ಸು ಬದಲಾಯಿಸು ಅಂತ. ಸರ್ ತಕ್ಷಣ ಸಮುವೇಲನ ಮೊದಲ ಪುಸ್ತಕದ 15ನೇ ಅಧ್ಯಾಯಕ್ಕೆ ಕರೆದುಕೊಂಡು ಹೋದರು. 11ನೇ ವಚನದಲ್ಲಿ ಸೌಲನನ್ನು ರಾಜ ಮಾಡಿದ್ದಕ್ಕೆ ದೇವರು ನಾಖಮ್ ಮಾಡುತ್ತಾನೆ. 29ರಲ್ಲಿ ದೇವರು ನಾಖಮ್ ಮಾಡುವವನಲ್ಲ, ಮನುಷ್ಯನಲ್ಲ ಅವನು. 35ರಲ್ಲಿ ಮತ್ತೆ ಮಾಡಿದ ಅಂತಿದೆ. ಒಂದೇ ಅಧ್ಯಾಯ, ಒಂದೇ ಕ್ರಿಯಾಪದ. ಬರೆದವನಿಗೆ ಅದು ಕಾಣಲಿಲ್ಲ ಅಂತ ಹೇಳಲು ಆಗಲ್ಲ. ಸರ್ 16ನೇ ಶತಮಾನದ ದೇವಶಾಸ್ತ್ರಜ್ಞ ಕ್ಯಾಲ್ವಿನ್‌ನ ಉತ್ತರ ಹೇಳಿದರು: ದಾದಿ ಮಗುವಿನ ಜತೆ ತೊದಲಿ ಮಾತಾಡುವ ಹಾಗೆ ದೇವರೂ ನಮಗೆ ತಿಳಿಯಲಿ ಅಂತ ತೊದಲುತ್ತಾನೆ. ಇಷ್ಟವಾಯಿತು ಆ ಮಾತು. ಆದರೂ ಯೋನನ ಪುಸ್ತಕಕ್ಕೆ ಅದು ಪೂರ್ತಿ ಸಾಲದು ಅಂತ ನನ್ನ ಅನಿಸಿಕೆ. 4:2ರಲ್ಲಿ ಯೋನ, ನಿನೆವೆ ಉಳಿದುಕೊಂಡ ಸಿಟ್ಟಿನಲ್ಲಿ, ದೇವರ ಗುಣಗಳನ್ನು ಹೇಳುತ್ತಾನೆ, ಕರುಣೆ, ಕನಿಕರ, ದೀರ್ಘಶಾಂತಿ, ಮಹಾಪ್ರೀತಿ. ವಿಮೋಚನಕಾಂಡ 34:6ರ ಮಾತುಗಳೇ. ಅದೇ ಸಾಲಿಗೆ, ಅದೇ ಉಸಿರಿನಲ್ಲಿ, ಕೇಡು ಮಾಡದೆ ಮನಸ್ಸು ತಿರುಗಿಸುವವನು ಅಂತ ನಾಖಮ್ ಸೇರಿಸುತ್ತಾನೆ. ಅವನ ಲೆಕ್ಕದಲ್ಲಿ ಅದು ದೇವರ ಎಂದೂ ಬದಲಾಗದ ಗುಣ. ಅದಕ್ಕೇ ಅವನು ಮೊದಲು ಓಡಿಹೋದದ್ದು. ನಾನು ಇದನ್ನು ಕ್ಲಾಸಿನಲ್ಲಿ ತಡವರಿಸಿಕೊಂಡೇ ಹೇಳಿದೆ. ಸರ್ ಸ್ವಲ್ಪ ಹೊತ್ತು ಸುಮ್ನಿದ್ದು, "ಇದನ್ನು ಬರೆದುಕೊಂಡು ಬಾ" ಅಂದರು.

ಜಾಸ್ತಿ ಓದಿದರೆ ವಿಶ್ವಾಸ ಹೋಗುತ್ತದೆ ಅಂತ ಎಷ್ಟು ಜನ ನನಗೆ ಹೇಳಿದ್ದಾರೋ. ಪ್ರೀತಿಯಿಂದಲೇ ಹೇಳಿದ್ದಾರೆ. ಅವರಿಗೆ ಈ ನಾಲ್ಕು ಗಂಟೆ ಹೇಗೆ ತೋರಿಸಲಿ? ವಿಶ್ವಾಸ ಹೋಗುವುದಿರಲಿ, ಇವತ್ತು ಆ ಊರಿನ ಜನರ ಜತೆ ನಾನೂ ಆ ಐದು ಪದ ಕೇಳಿಸಿಕೊಂಡ ಹಾಗಾಯಿತು.

ಇನ್ನು ಉಳಿದದ್ದು ಕನ್ನಡದ ಪದ. "ನಾಶವಾಗುತ್ತದೆ" ಬೇಡ, ಒಂದು ಬಾಗಿಲು ಮುಚ್ಚಿಹೋಗುತ್ತದೆ. "ಬದಲಾಗುತ್ತದೆ" ಅಂದರೆ ಹೆದರಿಕೆಯೇ ಇಲ್ಲ, ಯಾರೂ ಪಶ್ಚಾತ್ತಾಪಪಟ್ಟು ಗೋಣಿತಟ್ಟು ಉಟ್ಟುಕೊಳ್ಳುವುದಿಲ್ಲ. "ತಲೆಕೆಳಗಾಗುತ್ತದೆ" ಪರವಾಗಿಲ್ಲ, ಆದರೆ ಅದರಲ್ಲಿ ಗೊಂದಲದ ಅರ್ಥವೇ ಜಾಸ್ತಿ. ಹನ್ನೊಂದು ಗಂಟೆ ಹೊತ್ತಿಗೆ ಹೊಳೆದದ್ದು ಮಗುಚು. ದೋಣಿ ಮಗುಚಿದರೆ ಮುಳುಗಿತು ಅಂತ ಅರ್ಥ. ಮಣ್ಣು ಮಗುಚಿದರೆ ಬಿತ್ತಲು ನೆಲ ಸಿದ್ಧವಾಯಿತು ಅಂತ ಅರ್ಥ. ಒಂದೇ ಪದ, ಎರಡೂ ಇದೆ.

"ಇನ್ನು 40 ದಿನ, ನಿನೆವೆ ಮಗುಚಲಿದೆ."

ಹೀಗೇ ಬರೆದಿದ್ದೇನೆ. ಮೂಲದಲ್ಲಿ ಇದು ಭವಿಷ್ಯತ್ ಅಲ್ಲ, ಕೃದಂತ, ಆಗಲೇ ಆಗುತ್ತಿರುವ ಹಾಗೆ ಕೇಳಿಸುತ್ತದೆ, ಹಾಗಾಗಿ "ಮಗುಚುತ್ತಿದೆ" ಅನ್ನಬೇಕೋ ಏನೋ, ಅದನ್ನು ಬೆಳಿಗ್ಗೆ ಮೇಡಂ ಹತ್ತಿರ ಕೇಳಬೇಕು.

ಮಲಗುವ ಮುಂಚೆ ಐದನೇ ವಚನದ ಮೊದಲ ಪದ ನೋಡಿಟ್ಟೆ. ವಯ್ಯಆಮೀನೂ. ನಿನೆವೆಯವರು ನಂಬಿದರು. ಈ ಸಲ ಧಾತು ಹುಡುಕಲು ನಿಘಂಟು ಬೇಕಾಗಲಿಲ್ಲ, ಪದದ ಒಳಗೇ ಆಮೆನ್ ಕೇಳಿಸುತ್ತಿತ್ತು.