ತುತ್ತು ಎದೆಯಲ್ಲಿ ನಿಂತಂತಾದಾಗ

ನಮ್ಮ ಕೊಪ್ಪಳ ಸೀಮೆಯಲ್ಲಿ ಎದೆಯುರಿ, ಹುಳಿತೇಗು ಕಾಣಿಸಿಕೊಂಡರೆ ಮಿರ್ಚಿ-ಮಂಡಕ್ಕಿಯನ್ನು ದೂರಿ, ಔಷಧಿ ಅಂಗಡಿಯಿಂದ ಗ್ಯಾಸಿನ ಗುಳಿಗೆ ತಂದು ನುಂಗಿ ಸುಮ್ಮನಾಗುವವರೇ ಹೆಚ್ಚು. ಅಪರೂಪಕ್ಕೆ ಬರುವ ಉರಿಗೆ ಅಷ್ಟು ಸಾಕಾಗಬಹುದು. ಆದರೆ ನುಂಗಿದ ತುತ್ತು ಎದೆಯ ನಡುವೆ ತಡೆದು ನಿಂತಂತಾಗುವುದು ಬೇರೆಯೇ ಸಂಗತಿ. ಅದಕ್ಕೆ ತಪಾಸಣೆಯೇ ಬೇಕು.

ಅನ್ನನಾಳವು ಗಂಟಲಿನಿಂದ ಜಠರಕ್ಕೆ ಇಳಿಯುವ, ಸುಮಾರು 25 ಸೆಂ.ಮೀ. ಉದ್ದದ ಸ್ನಾಯುವಿನ ಕೊಳವೆ. ಅದು ಅಲೆಅಲೆಯಾಗಿ ಸಂಕುಚಿಸುತ್ತ ಆಹಾರವನ್ನು ಕೆಳಗೆ ತಳ್ಳುತ್ತದೆ. ಅದರ ಕೆಳತುದಿಯ ಬಿಗಿ ಸ್ನಾಯು ಸರಿಯಾಗಿ ಮುಚ್ಚದಿದ್ದರೆ ಜಠರದ ಆಮ್ಲ ಮೇಲೇರಿ ಉರಿಯಾಗುತ್ತದೆ. ಸಡಿಲಗೊಳ್ಳದೇ ಹೋದರೆ ಆಹಾರ ಅಲ್ಲಿಯೇ ನಿಲ್ಲುತ್ತದೆ, ಅಕಲೇಸಿಯ ಎಂಬ ತೊಂದರೆಯಲ್ಲಿ ಆಗುವುದು ಇದೇ.

ಯಾವುದು ಮೊದಲು ಇಳಿಯದಾಯಿತು ಎಂಬುದರಲ್ಲಿ ವೈದ್ಯರಿಗೆ ದೊಡ್ಡ ಸುಳಿವಿದೆ. ಮೊದಲು ಕಟಕ ರೊಟ್ಟಿ, ಆಮೇಲೆ ಅನ್ನ, ಕೊನೆಗೆ ಅಂಬಲಿಯೂ ಕಷ್ಟವಾಗುತ್ತ ಬಂದರೆ ನಾಳ ಕಿರಿದಾಗುತ್ತಿದೆ ಎಂದರ್ಥ; ಬಹುಕಾಲದ ಆಮ್ಲದಿಂದಾದ ಗಾಯದ ಕಲೆಯಾಗಲಿ, ಕ್ಯಾನ್ಸರ್ ಆಗಲಿ ಕಾರಣವಿರಬಹುದು. ಗಟ್ಟಿ ಪದಾರ್ಥವೂ ನೀರೂ ಆರಂಭದಿಂದಲೇ ಒಟ್ಟಿಗೆ ತಡೆದರೆ ಸ್ನಾಯುವಿನ ಚಲನೆಯ ದೋಷವನ್ನು ಶಂಕಿಸುತ್ತಾರೆ. ನನ್ನ ದೊಡ್ಡಮ್ಮ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ಉಣ್ಣತೊಡಗಿದಾಗ, ಹಲ್ಲು ಹೋದದ್ದಕ್ಕೆ ಹೀಗೆ ಎಂದು ಮನೆಯವರೆಲ್ಲ ತಿಳಿದಿದ್ದರು. ಹಿರಿಯರು ತಾವಾಗಿ ಹೇಳಿಕೊಳ್ಳುವುದು ಕಡಿಮೆ. ತಟ್ಟೆಯಲ್ಲಿ ಆಗುವ ಇಂಥ ಬದಲಾವಣೆಯನ್ನು ಉಣಬಡಿಸುವವರೇ ಗಮನಿಸಬೇಕು. ಜೊತೆಗೆ ತೂಕ ಇಳಿಯುವುದು, ರಕ್ತಹೀನತೆ ಇದ್ದರೆ ತಡಮಾಡದೆ ಎಂಡೋಸ್ಕೋಪಿ ಮಾಡಿಸಬೇಕು; ರಕ್ತ ವಾಂತಿಯಾದರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಂಡೋಸ್ಕೋಪಿ ಎಂದರೆ ಬಾಯಿಯ ಮೂಲಕ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಇಳಿಸಿ ನೋಡುವ, ಸಾಮಾನ್ಯವಾಗಿ ಕೆಲವೇ ನಿಮಿಷಗಳ ಪರೀಕ್ಷೆ, ಹೆದರಿ ಮುಂದೂಡುವಂಥದ್ದಲ್ಲ.

ಬರಿಯ ಆಮ್ಲದ ತೊಂದರೆಯೆಂದು ಖಚಿತವಾದರೆ ಮನೆಯಲ್ಲಿಯೂ ಮಾಡುವುದು ಸಾಕಷ್ಟಿದೆ. ಮಲಗುವ ಮೂರು ಗಂಟೆ ಮೊದಲೇ ಊಟ ಮುಗಿಸಬೇಕು. ಬರಿ ದಿಂಬು ಏರಿಸಿದರೆ ನಡು ಬಾಗಿ ಹೊಟ್ಟೆ ಒತ್ತುತ್ತದೆ, ಆದ್ದರಿಂದ ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು 15ರಿಂದ 20 ಸೆಂ.ಮೀ. ಎತ್ತರಿಸಬೇಕು. ಆಮ್ಲ ತಗ್ಗಿಸಲು ವೈದ್ಯರು ಬರೆದ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಗುಳಿಗೆಗಳನ್ನು ಬೆಳಗಿನ ಉಪಾಹಾರಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ. ತಂಬಾಕು, ಗುಟ್ಕಾ, ಮದ್ಯಗಳನ್ನು ಬಿಡಲೇಬೇಕು. ಅನ್ನನಾಳದ ಕ್ಯಾನ್ಸರಿಗೂ ಅವೇ ದಾರಿ ಮಾಡಿಕೊಡುತ್ತವೆ. ನೋವಿನ ಗುಳಿಗೆ, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮುಂತಾದವನ್ನು ಕುಳಿತುಕೊಂಡು ಒಂದು ಲೋಟ ತುಂಬ ನೀರಿನೊಂದಿಗೆ ನುಂಗಬೇಕು, ತಕ್ಷಣ ಮಲಗಬಾರದು. ಗುಳಿಗೆ ನಾಳದಲ್ಲಿಯೇ ಅಂಟಿಕೊಂಡು ಹುಣ್ಣು ಮಾಡುವುದುಂಟು.

ಎದೆ ಬಿಗಿದು ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ ಅದು ಹೃದಯಾಘಾತವಿರಬಹುದು; ಅನ್ನನಾಳದ ವಿಚಾರ ಬದಿಗಿಟ್ಟು, ಮೊದಲು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.