ಗೂಟ ಸರಿಸಿದವರು

ನಮ್ಮ ಲೆಕ್ಕದ ಮಾಷ್ಟ್ರು ಹೋದ ಸುದ್ದಿ ಬಂದಾಗ ನಾನು ಬ್ರಹ್ಮಾವರದ ಹತ್ತಿರ ಒಂದು ಸೈಟಿನಲ್ಲಿದ್ದೆ. ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟ್ ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಅಲ್ಲೇ ಜಾಯಿಂಟ್ ಬೀಳುತ್ತದೆ, ಆಮೇಲೆ ಮಳೆಗಾಲ ಬಂದಾಗ ನೀರು ಅಲ್ಲಿಂದಲೇ ಇಳಿಯುತ್ತದೆ. ಸಂಜೆಯವರೆಗೆ ಅಲ್ಲೇ ನಿಂತೆ. ಮಾಷ್ಟ್ರ ಮುಖವನ್ನು ಕೊನೆಯದಾಗಿ ನೋಡಲು ಆಗಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ಮನಸ್ಸಿಗೆ ಬಂದದ್ದು ಅವರೊಬ್ಬರೇ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 2006ರಲ್ಲಿ. ಆ ವರ್ಷ ಏನೇನು ಪಾಠ ಇತ್ತು ಎಂದು ಈಗ ಕೇಳಿದರೆ ಹೇಳಲಾರೆ. ಆದರೆ ಮಾಷ್ಟ್ರು ಬೋರ್ಡಿನ ಎದುರು ನಿಲ್ಲುತ್ತಿದ್ದ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ. ಬಲಗೈಯಲ್ಲಿ ಮೊಣಕೈವರೆಗೆ ಚಾಕಿನ ಹುಡಿ. ಲೆಕ್ಕ ಮಾಡುತ್ತಾ ಎಲ್ಲಾದರೂ ಒಂದು ಚಿಹ್ನೆ ತಪ್ಪಿತು ಅಂತಿಟ್ಟುಕೊಳ್ಳಿ, ಅದೊಂದನ್ನು ಬೆರಳಲ್ಲಿ ಒರೆಸಿ ಸರಿ ಮಾಡುವವರಲ್ಲ. ಆ ಸಾಲಿನಿಂದ ಕೆಳಗಿನದ್ದೆಲ್ಲ ಡಸ್ಟರಿನಲ್ಲಿ ಒರೆಸಿ, ಬೆಲ್ ಹೊಡೆದರೂ ಬಿಡದೆ ಮತ್ತೆ ಬರೆಯುತ್ತಿದ್ದರು. ನಮಗೆ ಹೊಟ್ಟೆ ಹಸಿವು, ಅವರಿಗೆ ಲೆಕ್ಕ.

2005ರ ನವೆಂಬರಿನಲ್ಲಿ, ಮಳೆ ಬಿಟ್ಟ ಮೇಲೆ, ಶಾಲೆಯ ಮೈದಾನದ ಬದಿಯಲ್ಲಿ ಹೊಸ ಕೋಣೆಯ ಕೆಲಸ ಶುರುವಾಯಿತು. ಮೇಸ್ತ್ರಿಗಳು ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಗೂಟ ಹೊಡೆದು ದಾರ ಕಟ್ಟಿ ಹೋಗಿದ್ದರು. ಅದು ಸರಿಯಾಗಿ ನಮ್ಮ ಬೌಲರ್ ಓಡಿ ಬರುವ ಜಾಗ. ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ನಾವು ನಾಲ್ವರು ಸೇರಿ ಎರಡು ಗೂಟಗಳನ್ನು ಒಂದು ಮೊಳ ಆಚೆ ಸರಿಸಿ, ದಾರ ಮೊದಲಿನ ಹಾಗೆಯೇ ಬಿಗಿದು ಕಟ್ಟಿದೆವು. ಯಾರಿಗೂ ಗೊತ್ತಾಗುವುದಿಲ್ಲ ಎಂದೇ ಅಂದುಕೊಂಡಿದ್ದೆವು. ಸೋಮವಾರ ಅಗೆತ ಶುರುವಾಗಿ ಎರಡು ಬದಿ ಮುಗಿಯುವಾಗ ಮೇಸ್ತ್ರಿ ಕರ್ಣ ಅಳೆದರು. ಮೂಲೆ ಸರಿ ಇದ್ದರೆ ಎರಡೂ ಸಮ ಬರಬೇಕು, ಇಲ್ಲಿ ಎರಡು ಕರ್ಣ ಎರಡು ಲೆಕ್ಕ.

ಮಾಷ್ಟ್ರು ಕ್ಲಾಸಿಗೆ ಬಂದು ಬೆತ್ತ ಮುಟ್ಟಲಿಲ್ಲ. "ಗೂಟ ಸರಿಸಿದವರು ಹೋಗಿ ಒಂದು ಹಗ್ಗ ತನ್ನಿ" ಅಂದರು, ಅಷ್ಟೇ. ನಾಲ್ವರೂ ಎದ್ದೆವು. ಸುಳ್ಳು ಹೇಳಲು ಅವರು ಜಾಗವನ್ನೇ ಕೊಡಲಿಲ್ಲ. ನಾವು ಬಾವಿಕಟ್ಟೆಯಿಂದ ಹಗ್ಗ ತಂದರೆ, "ಇದು ಎಳೆದಷ್ಟು ಉದ್ದ ಆಗ್ತದೆ ಮಾರಾಯಾ" ಎಂದು ಬದಿಗಿಟ್ಟು ಮೇಸ್ತ್ರಿಯ ದಾರವನ್ನೇ ಕೇಳಿ ತೆಗೆದುಕೊಂಡರು. ಅಡಿಕೋಲಿನಿಂದ ಅಳೆದು ಒಂದೊಂದು ಅಡಿಗೆ ಗಂಟು ಹಾಕಿಸಿದರು, ಒಟ್ಟು 12 ಅಡಿ, ತುದಿಗೆ ತುದಿ ಸೇರಿಸಿ ಕಟ್ಟಿಸಿದರು. ಮೂವರು ಹಿಡಿದುಕೊಂಡು ನಿಂತೆವು, ನಡುವೆ 3, 4, 5 ಅಡಿ ಬರುವ ಹಾಗೆ. "ಎಳೀರಿ." ಎಳೆದೆವು. ನಾನು ನಿಂತ ಕಡೆ ಸರಿಯಾದ 90 ಡಿಗ್ರಿ ಮೂಲೆ ಬಂತು, ಮೇಸ್ತ್ರಿ ಅದರ ಒಳಗೆ ಮೂಲೆಮಟ್ಟ ಇಟ್ಟು ನೋಡಿ ನಕ್ಕರು. ಪುಸ್ತಕದಲ್ಲಿದ್ದ ಪೈಥಾಗೊರಸ್ ಅವತ್ತು ಕೆಂಪು ಮಣ್ಣಿನ ಮೇಲೆ ನನ್ನ ಎರಡು ಬೆರಳುಗಳ ನಡುವೆ ಇದ್ದ. ಆಮೇಲೆ ತಪ್ಪಿ ಅಗೆದ ಗುಂಡಿಯನ್ನು ನಾವೇ ಮುಚ್ಚಬೇಕಾಯಿತು. ಮೂರು ದಿನ ಸಂಜೆ ಹಾರೆ, ಬುಟ್ಟಿ. ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು.

ನನ್ನ ಅಜ್ಜ ಮುರಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ಅಪ್ಪ ಕಂತ್ರಾಟುದಾರರು. ನಾನು ಸಿವಿಲ್ ಇಂಜಿನಿಯರಿಂಗ್ ಮುಗಿಸಿ 2012ರಲ್ಲಿ ಅಪ್ಪನ ಜೊತೆ ಸೇರಿದೆ. ಧಣಿಗಳ ಮಗ ಎಂದು ಎಲ್ಲರೂ ಮರ್ಯಾದೆ ಕೊಡುತ್ತಿದ್ದರು, ಆದರೆ ಮಾತು ಯಾರೂ ಕೇಳುತ್ತಿರಲಿಲ್ಲ. ಏನು ಹೇಳಿದರೂ "ಅಪ್ಪನತ್ರ ಒಂದು ಮಾತು ಕೇಳುವ" ಎನ್ನುತ್ತಿದ್ದರು. ಎರಡನೇ ವರ್ಷ ನಾನೊಬ್ಬನೇ ನೋಡಿಕೊಳ್ಳುತ್ತಿದ್ದ ಮನೆಯೊಂದರಲ್ಲಿ ಪಿಲ್ಲರ್ ಒಂದು ಒಂದೂವರೆ ಇಂಚು ಹೊರಗೆ ಹೋಯಿತು. ತೂಗುಗುಂಡು ಬಿಟ್ಟು ನೋಡದೆ ಕಾಂಕ್ರೀಟ್ ಹಾಕಲು ಹೇಳಿದ್ದು ನಾನೇ. ಮೇ ತಿಂಗಳು, ಜೂನ್ ಹತ್ತಿರ ಬಂದಿತ್ತು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಊರಿನಲ್ಲಿ ಮಳೆಗೆ ಮೊದಲು ಸ್ಲ್ಯಾಬ್ ಆಗದಿದ್ದರೆ ಮತ್ತೆ ನಾಲ್ಕು ತಿಂಗಳು ಹೋಯಿತು ಅಂತಲೇ ಲೆಕ್ಕ. ಸಾರಣೆಯಲ್ಲಿ (ಪ್ಲಾಸ್ಟರಿನಲ್ಲಿ) ಮುಚ್ಚಿಹೋಗ್ತದೆ ಎಂದು ಎಲ್ಲರೂ ಹೇಳಿದರು, ಅಪ್ಪನೂ ಹೇಳಿದರು. ರಾತ್ರಿ ನಿದ್ದೆ ಬರಲಿಲ್ಲ. ಆ ಡಸ್ಟರ್ ನೆನಪಾಯಿತು. ಮರುದಿನ ಮನೆಯವರನ್ನು ಕರೆದು ತೋರಿಸಿ, ನಮ್ಮ ಖರ್ಚಿನಲ್ಲೇ ಪಿಲ್ಲರ್ ಒಡೆಸಿ ಮತ್ತೆ ಹಾಕಿಸಿದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಆದರೆ ಅವತ್ತಿನಿಂದ ಮೇಸ್ತ್ರಿಗಳು ನನ್ನ ಮಾತು ಕೇಳತೊಡಗಿದರು. ಆರು ವರ್ಷದಿಂದ ಪೂರ್ತಿ ಜವಾಬ್ದಾರಿ ನನ್ನದೇ. ನಮ್ಮಲ್ಲಿ ಈಗ 70 ಜನ ದುಡಿಯುತ್ತಾರೆ, ಆ ಮನೆಯವರು ಇನ್ನೂ ಮೂರು ಕೆಲಸ ಕೊಡಿಸಿದ್ದಾರೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಎಷ್ಟೇ ಯಂತ್ರ ಬಂದರೂ ನಮ್ಮ ಸೈಟಿನಲ್ಲಿ ಮೊದಲ ಮೂಲೆ ದಾರದಲ್ಲೇ. ದೊಡ್ಡ ಕಟ್ಟಡವಾದರೆ 6, 8, 10 ಅಡಿ, ಇನ್ನೂ ದೊಡ್ಡದಾದರೆ 12, 16, 20. ಹೊಸದಾಗಿ ಸೇರುವ ಇಂಜಿನಿಯರುಗಳು ಕಂಪ್ಯೂಟರಿನಲ್ಲಿ ಚಂದ ನಕ್ಷೆ ಮಾಡುತ್ತಾರೆ, ಜಾಣರೇ. ಆದರೆ ಕೈಗೆ ದಾರ ಕೊಟ್ಟು ಮೂಲೆ ತೆಗೀರಿ ಅಂದರೆ ಮುಖ ಮುಖ ನೋಡುತ್ತಾರೆ. ತಪ್ಪು ಅವರದ್ದಲ್ಲ. ನನ್ನ ಅಕ್ಕನ ಮಗ ಶಾಲೆ ಮುಗಿಸಿ ಟ್ಯೂಷನ್ನಿಗೆ ಹೋಗಿ ಮನೆಗೆ ಬರುವಾಗ ಏಳು ಗಂಟೆ. ಸೂತ್ರ ಬಾಯಿಪಾಠ ಇದೆ, ಮೈದಾನದಲ್ಲಿ ಮಣ್ಣು ಮುಟ್ಟಿಲ್ಲ. ಗೂಟ ಸರಿಸಲಿಕ್ಕಾದರೂ ಮಕ್ಕಳಿಗೆ ಒಂದು ಸಂಜೆ ಬಿಡಬೇಕು ಅಲ್ವಾ?

ಕಳೆದ ತಿಂಗಳು ಮಾಷ್ಟ್ರ ಶ್ರದ್ಧಾಂಜಲಿ ಸಭೆಗೆ ಶಾಲೆಗೆ ಹೋದೆ. ಸಭೆ ಮುಗಿದ ಮೇಲೆ ಆ ಕೋಣೆಗೆ ಹೋಗಿ, ಯಾರೂ ಇಲ್ಲದಾಗ, ನಾನು ಹಿಡಿದು ನಿಂತಿದ್ದ ಮೂಲೆಗೆ ಟೇಪ್ ಹಿಡಿದೆ. ಒಂದು ಗೋಡೆಯಲ್ಲಿ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅಡ್ಡ ಅಳೆದೆ. 5 ಅಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಕಮ್ಮಿ ಬಂತು. ಅದು ಸಾರಣೆಯದ್ದು, ಮೂಲೆಯದ್ದಲ್ಲ.