ಶಂಕರಪುರದ ಮಲ್ಲಿಗೆಯಿಂದ ಮಟ್ಟು ಕಡಲಿನವರೆಗೆ ಒಂದು ದಿನದ ನಡಿಗೆ

ಮಳೆ ಬಿಟ್ಟ ಮೇಲೆ ಉಡುಪಿ ಕಡೆ ಹಳ್ಳಿ ದಾರಿಯಲ್ಲಿ ನಡೆಯುವ ಆಸೆ ಇದ್ದರೆ ಬೆಳಿಗ್ಗೆ ಬೇಗ ಶಂಕರಪುರ ಸೇರಿಕೊಳ್ಳಿ. ಹೆದ್ದಾರಿ ಬದಿಯ ಕಟಪಾಡಿಯಲ್ಲಿ ಇಳಿದು ಶಿರ್ವದ ಬಸ್ ಹತ್ತಿದರೆ ಆಯಿತು. ತಡ ಮಾಡಿದರೆ ಮಲ್ಲಿಗೆ ಕೆಲಸ ನೋಡಲು ಸಿಗುವುದಿಲ್ಲ. ಮೊಗ್ಗು ಅರಳುವ ಮೊದಲೇ ಕೊಯ್ದು, ಕಟ್ಟಿ, ಮಾರಾಟಕ್ಕೆ ತಲುಪಿಸಬೇಕಲ್ವಾ?

ನಾವು ಕೇಳಿಕೊಂಡು ಒಂದು ಮನೆಯ ಜಗಲಿಯಲ್ಲಿ ಕೂತೆವು. ಆ ಮನೆಯ ಅಮ್ಮ ಬಾಳೆನಾರು ಹಿಡಿದು, ಮೊಗ್ಗು ಜೋಡಿಸಿ, ಒಂದೊಂದೇ ಗಂಟು ಬಿಗಿಯುತ್ತಿದ್ದರು. ಮಾತು ನಮ್ಮ ಜೊತೆ, ಕೈ ಮಾತ್ರ ನಿಲ್ಲಲೇ ಇಲ್ಲ. ಹೀಗೆ ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಮಾರಾಟದ ಲೆಕ್ಕ ಇದರಲ್ಲೇ. ದರ ದಿನಾ ಏರಿಳಿಯುತ್ತದೆ. ಹೂ ಕೊಂಡರೆ ದಯವಿಟ್ಟು ಚೌಕಾಸಿ ಮಾಡಬೇಡಿ, ಅಷ್ಟು ಕೆಲಸ ಇದೆ ಅದರಲ್ಲಿ.

ಅಲ್ಲಿಂದ ಕಟಪಾಡಿಗೆ ವಾಪಸ್ ನಡೆಯಿರಿ. ಹೆದ್ದಾರಿ ದಾಟುವಾಗ ಜಾಗ್ರತೆ. ಊಟ ಇಲ್ಲೇ ಮುಗಿಸಿ, ನೀರೂ ತುಂಬಿಸಿಕೊಳ್ಳಿ, ಮುಂದೆ ಅಂಗಡಿ ಕಡಿಮೆ.

ಕಟಪಾಡಿಯಿಂದ ಕಡಲ ಬದಿಯ ಮಟ್ಟು ಊರಿಗೆ ಹೋಗುವ ದಾರಿಯೇ ನನಗೆ ಜಾಸ್ತಿ ಇಷ್ಟ. ಅಕ್ಟೋಬರ್‌ನಲ್ಲಿ ಏಣೆಲು, ಅಂದರೆ ಮಳೆಗಾಲದ ಮೊದಲ ಬೆಳೆಯ ಭತ್ತ, ಕೊಯ್ಲಿಗೆ ಬಂದಿರುತ್ತದೆ. ಕೆಲವು ಗದ್ದೆಯಲ್ಲಿ ಕಟಾವು ಯಂತ್ರ, ಕೆಲವು ಕಡೆ ಬೈಹುಲ್ಲು ಒಣಗಿಸುವ ಗಡಿಬಿಡಿ. ಗದ್ದೆ ಬದುವಿನ ಮೇಲೆ ಹೋಗುವುದಾದರೆ ಮೊದಲು ಕೇಳಿ, ಸಾಲಾಗಿ ನಡೆಯಿರಿ. ಏಡಿ ತೂತು ಇರುವ ಕಡೆ ಮಣ್ಣು ಕುಸಿಯುತ್ತದೆ. ಫೋಟೋಗೆಂದು ತೆನೆಯೊಳಗೆ ಇಳಿಯಲೇಬೇಡಿ. ಕೊಯ್ಲಿನ ಹೊತ್ತಲ್ಲಿ ಒಂದು ಮಳೆ ಬಂದರೂ ಪೈರು ಮಲಗುತ್ತದೆ, ಅದರ ಮೇಲೆ ನಮ್ಮ ಕಾಲೂ ಯಾಕೆ?

ಮಟ್ಟುವಿನಲ್ಲಿ ಗುಳ್ಳ ಬದನೆಯ ಗದ್ದೆ ಇದೆ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜ ಎಂದು ಊರಿನವರ ನಂಬಿಕೆ. 2011ರಲ್ಲಿ ಇದಕ್ಕೆ ಜಿಐ, ಅಂದರೆ ಈ ಊರಿನದೇ ವಿಶೇಷ ಬೆಳೆ ಎಂಬ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಅಕ್ಟೋಬರ್‌ನಲ್ಲಿ ನಿಮಗೆ ಕಾಣುವುದು ಎಳೆ ಗಿಡ ಮಾತ್ರ. ಗುಳ್ಳ ಕೊಳ್ಳಬೇಕೆಂದರೆ ಡಿಸೆಂಬರ್ ನಂತರ ಬನ್ನಿ, ಆಗ ಭತ್ತ ಇರುವುದಿಲ್ಲ. ನನ್ನನ್ನು ಕೇಳಿದರೆ, ನಡಿಗೆಗೆ ಅಕ್ಟೋಬರ್ ಕೊನೆಯೇ ಚೆಂದ.

ಎಲ್ಲಾ ಸೇರಿ ಹತ್ತು ಕಿಲೋಮೀಟರ್ ಆಸುಪಾಸು, ಸಮತಟ್ಟು ದಾರಿ, ಮಕ್ಕಳೂ ನಡೆಯಬಹುದು. ಕೊಡೆ ಇಟ್ಟುಕೊಳ್ಳಿ. ಈ ಸಮಯದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಗುಡುಗು ಕೇಳಿಸಿದರೆ ಬಯಲಲ್ಲಿ ನಿಲ್ಲದೆ ಹತ್ತಿರದ ಮನೆ ಸೇರಿಕೊಳ್ಳಿ. ಕಡಲ ತೀರಕ್ಕೆ ಹೋದರೂ ನೀರಿಗೆ ಇಳಿಯಬೇಡಿ. ವಾಪಸ್ ಬರಲು ಕಟಪಾಡಿಯ ಆಟೋದವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.